ದಾನಪತ್ರದಲ್ಲಿ ಬಾರದ ಒಂದು ಮಾತು

ಉಪನೋಂದಣಾಧಿಕಾರಿ ಕಚೇರಿಗಳ ಆಸುಪಾಸಿನಲ್ಲಿ ಕೂತು ಪತ್ರಬರಹಗಾರರು ಬರೆಯುವ ದಾನಪತ್ರಗಳಿಗೆ ಒಂದು ಸಿದ್ಧ ಭಾಷೆ ಇದೆ. ಅಪ್ಪ ಮಗನಿಗೆ ಜಮೀನು ಕೊಡುವಾಗ ‘ಪ್ರೀತಿ ವಿಶ್ವಾಸದಿಂದ’ ಕೊಡುತ್ತಾನೆ, ‘ಸ್ವಸಂತೋಷದಿಂದ’ ಕೊಡುತ್ತಾನೆ, ‘ಯಾರ ಒತ್ತಾಯವೂ ಇಲ್ಲದೆ’ ಕೊಡುತ್ತಾನೆ. ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ ಎಲ್ಲವೂ ಅಲ್ಲಿರುತ್ತವೆ. ‘ನನ್ನನ್ನೂ ನನ್ನ ಹೆಂಡತಿಯನ್ನೂ ಬದುಕಿರುವ ತನಕ ನೋಡಿಕೊಳ್ಳತಕ್ಕದ್ದು’ ಎಂಬ ಮಾತು ಮಾತ್ರ ಎಷ್ಟೋ ಪತ್ರಗಳಲ್ಲಿ ಇರುವುದಿಲ್ಲ. ಮಗ ಅಪ್ಪನನ್ನು ನೋಡಿಕೊಳ್ಳುವುದನ್ನೂ ಕಾಗದದಲ್ಲಿ ಬರೆಯಬೇಕೇ ಎಂಬ ಸಂಕೋಚವೇ ಅದಕ್ಕೆ ಕಾರಣ. ಹಿರಿಯರ ಮೇಲಿನ ದೌರ್ಜನ್ಯದ ಕಾನೂನನ್ನು ಓದುತ್ತಾ ಹೋದಂತೆ, ಬಹಳಷ್ಟು ಈ ಒಂದು ಸಾಲಿನ ಮೇಲೆಯೇ ನಿಂತಿದೆ ಎಂದು ನನಗೆ ಅನ್ನಿಸಿದೆ. ಆ ಸಾಲಿಗೆ ಒಂದು ಇತಿಹಾಸವೂ ಇದೆ.

ಅದು ನಮ್ಮ ನೆಲದಿಂದಲೇ ಶುರುವಾಗುತ್ತದೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಮುಂದೆ ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿಯ ಲೆಕ್ಕ ನಡೆದದ್ದು ಇದರ ಪ್ರಕಾರ. ಬಂಗಾಳದ ಜೀಮೂತವಾಹನನ ‘ದಾಯಭಾಗ’ದಲ್ಲಿ ಅಪ್ಪ ಸಾಯುವ ತನಕ ಆಸ್ತಿಗೆ ಅವನೇ ಒಡೆಯ, ಮಿತಾಕ್ಷರಾದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಂದರೆ ನಮ್ಮ ಕಡೆಯ ಅಪ್ಪನ ಕೈಯಲ್ಲಿ ಹಿಡಿತ ಮೊದಲಿನಿಂದಲೂ ಸಡಿಲ. ಇದನ್ನು ಸರಿತೂಗಿಸುವಂತೆ ಮನುವಿನ ಹೆಸರಿನ ಒಂದು ಕಟ್ಟಳೆಯೂ ಈ ಪರಂಪರೆಯಲ್ಲಿ ಜೊತೆಗೇ ಬಂತು: ಮುಪ್ಪಿನ ತಾಯ್ತಂದೆ, ಹೆಂಡತಿ, ಹಸುಳೆ ಇವರನ್ನು ನೂರು ಮಾಡಬಾರದ್ದನ್ನು ಮಾಡಿಯಾದರೂ ಸಾಕಬೇಕು. ಹಕ್ಕನ್ನು ಜಾರಿ ಮಾಡಲು ಪಾಲಿನ ಲೆಕ್ಕವಿತ್ತು. ಕರ್ತವ್ಯವನ್ನು ಜಾರಿ ಮಾಡಲು ಇದ್ದದ್ದು ಊರಿನ ಬಾಯಿ.

ಚನ್ನಗಿರಿ, ಹೊನ್ನಾಳಿ, ಜಗಳೂರುಗಳಿಗೆ ಇದರಲ್ಲಿ ಒಂದು ಬೇರೆ ಅಧ್ಯಾಯ ಉಂಟು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವ ಮೊದಲು ಮೊದಲಿನೆರಡು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಈಚೆಗೆ ತಾಲ್ಲೂಕಾದ ನ್ಯಾಮತಿ ಆಗ ಹೊನ್ನಾಳಿಯೊಳಗಿತ್ತು. ಎಲ್ಲವೂ ಮೈಸೂರು ಸಂಸ್ಥಾನದ ಊರುಗಳು. ಹಾಗಾಗಿ ಮೈಸೂರಿನ 1933ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಕಾಯ್ದೆ ಇಲ್ಲಿಗೂ ಅನ್ವಯಿಸಿತು. ಬ್ರಿಟಿಷ್ ಭಾರತ ವಿಧವೆಯರ ಆಸ್ತಿಹಕ್ಕಿನ ಕಾಯ್ದೆ ಮಾಡಿದ್ದು 1937ರಲ್ಲಿ. ಮೈಸೂರು ಅದಕ್ಕೂ ಮುಂಚೆ, ಗಂಡು ಮಕ್ಕಳು ಪಾಲಾಗುವಾಗ ತಾಯಿಗೂ ಒಂದು ಪಾಲು ಇಡಬೇಕು, ಅದು ಮಗನ ಪಾಲಿನ ಅರ್ಧ ಎಂದಿತು. ಮುದುಕಿಯನ್ನು ಸಾಕಿ ಎಂದು ಬೋಧಿಸುವ ಬದಲು ಅವಳ ಕೈಗೆ ನೆಲ ಕೊಟ್ಟ ಕಾಯ್ದೆ ಇದು. ನಮ್ಮ ಇತಿಹಾಸ ಪುಸ್ತಕಗಳು ಮೈಸೂರಿನ ಅಣೆಕಟ್ಟು, ಕಾರ್ಖಾನೆಗಳ ಬಗ್ಗೆ ಹೇಳಿದಷ್ಟನ್ನು ಇದರ ಬಗ್ಗೆ ಹೇಳಿಲ್ಲ.

ಹಳ್ಳಿಯ ಪಾಲುಪಟ್ಟಿಗಳಿಗೆ ತಮ್ಮದೇ ವಿವೇಕ ಇತ್ತು. ಪಂಚರು ಕೂತು ಜಮೀನು ಹಂಚುವಾಗ ಅಪ್ಪ–ಅವ್ವನ ಹೆಸರಿಗೆ ಒಂದೆರಡು ಎಕರೆ ಬಿಡುವುದು, ಅವರನ್ನು ಕೊನೆತನಕ ಇಟ್ಟುಕೊಂಡ ಮಗನಿಗೆ ಅದು ಸೇರುವುದು, ಇಲ್ಲವೇ ವರ್ಷಕ್ಕೆ ಇಷ್ಟು ಚೀಲ ಜೋಳ, ರಾಗಿ ಅಳೆದುಕೊಡಬೇಕೆಂದು ಬರೆಯುವುದು. ಇದೇ ರೂಢಿಯ ಕೆಟ್ಟ ಮುಖ ತಿಂಗಳ ಸರದಿ: ಅಪ್ಪ ಹಿರಿಯನ ಮನೆಗೆ, ಅವ್ವ ಕಿರಿಯನ ಮನೆಗೆ, ಐವತ್ತು ವರ್ಷ ಒಟ್ಟಿಗೆ ಬದುಕಿದವರು ಎರಡು ಬೀದಿಗೆ.

ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೆಂಡತಿ ಮಕ್ಕಳಿಗೆ ಜೀವನಾಂಶ ಇತ್ತು, ತಾಯ್ತಂದೆಗಳಿಗೆ ಇರಲಿಲ್ಲ. ಇಂಗ್ಲೆಂಡಿನದೇ 1601ರ ಬಡವರ ಕಾಯ್ದೆ ಬಡ ಮುದುಕರ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತ್ತು ಎಂಬುದನ್ನು ನೆನೆದರೆ ಇದು ವಿಚಿತ್ರ. ಕೂಡುಕುಟುಂಬ ಇರುವ ದೇಶಕ್ಕೆ ಅದರ ಅಗತ್ಯವಿಲ್ಲ ಎಂದುಕೊಂಡರೇನೋ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಮಗನ ಜೊತೆ ಮಗಳನ್ನೂ ಹೊಣೆಯಾಗಿಸಿತು. ಎಲ್ಲ ಧರ್ಮದ ತಾಯ್ತಂದೆಗಳಿಗೂ ಮ್ಯಾಜಿಸ್ಟ್ರೇಟರ ಬಾಗಿಲು ತೆರೆದದ್ದು 1973ರ ಸಂಹಿತೆಯ 125ನೇ ಕಲಮು. ಮದುವೆಯಾಗಿ ಹೋದ ಮಗಳೂ ಇದಕ್ಕೆ ಬದ್ಧಳು ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು.

ವೃದ್ಧರನ್ನು ಪೀಡಿಸುವುದಕ್ಕೆ ಒಂದು ಹೆಸರು ಸಿಕ್ಕಿದ್ದೂ ಆ ದಶಕದಲ್ಲೇ. 1975ರಲ್ಲಿ ಜಿ. ಆರ್. ಬರ್ಸ್ಟನ್ ಎಂಬ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಅಜ್ಜಿಯರನ್ನು ಹೊಡೆಯುವ ಬಗ್ಗೆ ಪುಟ್ಟ ಪತ್ರ ಬರೆದ. ಅಲ್ಲಿಯವರೆಗೆ ಮೈಮೇಲಿನ ಬಾಸುಂಡೆ ‘ಜಾರಿ ಬಿದ್ದದ್ದು’. ನಮ್ಮಲ್ಲಿ ಈಗಲೂ ಹಾಗೆಯೇ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಕರ್ನಾಟಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಯಮಗಳು 2009ರಲ್ಲಿ ಬಂದವು. ಇದರ ಹೊಸತನ ಎಂದರೆ ವ್ಯಾಜ್ಯವನ್ನು ಕೋರ್ಟಿನಿಂದ ಕಂದಾಯ ಇಲಾಖೆಗೆ ತಂದದ್ದು. ಉಪವಿಭಾಗಾಧಿಕಾರಿ, ಅಂದರೆ ಜನ ‘ಎ.ಸಿ. ಸಾಹೇಬ್ರು’ ಎನ್ನುವವರೇ, ನ್ಯಾಯಮಂಡಳಿಯ ಅಧ್ಯಕ್ಷರು. ಹೊನ್ನಾಳಿಯಲ್ಲೂ ಈಗ ಅಂಥ ಕಚೇರಿ ಇದೆ. ಅರವತ್ತು ದಾಟಿದವರು ಯಾರೇ ಆಗಲಿ, ಅರವತ್ತಾಗದಿದ್ದರೂ ತಾಯ್ತಂದೆಗಳು, ಬಿಳಿ ಹಾಳೆಯ ಮೇಲೆ ಅರ್ಜಿ ಕೊಡಬಹುದು. ಓಡಾಡಲಾಗದಿದ್ದರೆ ಅವರು ಒಪ್ಪಿ ಸೂಚಿಸಿದ ಇನ್ನೊಬ್ಬರು ಅಥವಾ ಸಂಸ್ಥೆ ಕೊಡಬಹುದು. ಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ಎದುರಾಳಿಗೆ ನೋಟಿಸ್ ಮುಟ್ಟಿದ 90 ದಿನದಲ್ಲಿ ತೀರ್ಮಾನವಾಗಬೇಕು. ಮಕ್ಕಳಿಲ್ಲದವರಿಗೆ ಅವರ ಆಸ್ತಿ ಯಾರಿಗೆ ಸೇರುತ್ತದೋ ಆ ಸಂಬಂಧಿಕರೇ ಹೊಣೆ. ಆದೇಶ ಸರಿಬರದಿದ್ದರೆ ಹಿರಿಯರು 60 ದಿನದೊಳಗೆ ಜಿಲ್ಲೆಯ ಮೇಲ್ಮನವಿ ಮಂಡಳಿಗೆ ಹೋಗಬಹುದು. ಜೀವನಾಂಶಕ್ಕೆ ಕಾಯ್ದೆ ಹಾಕಿದ ಮಿತಿ ತಿಂಗಳಿಗೆ 10,000 ರೂಪಾಯಿ. ಅದನ್ನು ತೆಗೆಯಲು 2019ರಲ್ಲಿ ಲೋಕಸಭೆಗೆ ಬಂದ ಮಸೂದೆ ಕಾಯ್ದೆಯಾಗಲಿಲ್ಲ. ಹಿರಿಯರನ್ನು ಎಲ್ಲಾದರೂ ಬಿಟ್ಟುಬಂದರೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಈ ಕಾಯ್ದೆಯ ಜೀವ ಇರುವುದು 23ನೇ ಕಲಮಿನಲ್ಲಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಕೈಬಿಟ್ಟರೆ, ಆ ವರ್ಗಾವಣೆ ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಭಾವಿಸಿ ಮಂಡಳಿ ಅದನ್ನು ರದ್ದು ಮಾಡಬಹುದು. ಕಾಯ್ದೆ ಜಾರಿಯಾದ ನಂತರದ ಪತ್ರಗಳಿಗೆ ಮಾತ್ರ. ಷರತ್ತು ಬರೆದಿರದಿದ್ದರೆ? 2022ರ ಡಿಸೆಂಬರಿನಲ್ಲಿ, ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಿರಿಯರು ಎಷ್ಟೋ ಸಲ ಏನನ್ನೂ ಬಯಸದೆ ಬರೀ ಪ್ರೀತಿಯಿಂದ ಕೊಡುತ್ತಾರೆ, ಷರತ್ತು ಇತ್ತೆಂದರೆ ಅದನ್ನು ಸಾಬೀತು ಮಾಡಬೇಕು ಎಂದಿತು. ಪತ್ರಬರಹಗಾರನ ‘ಪ್ರೀತಿ ವಿಶ್ವಾಸ’ ಕೊಟ್ಟವರಿಗೇ ಮುಳುವಾಯಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು, ಇದು ಹಿರಿಯರ ಹಿತಕ್ಕಾಗಿ ಬಂದ ಕಾಯ್ದೆ, ಉದಾರವಾಗಿ ಓದಬೇಕು ಎಂದು ತಾಯಿಯ ದಾನಪತ್ರವನ್ನು ರದ್ದು ಮಾಡಿತು. ಅಲ್ಲಿ ದಾನಪತ್ರದ ಜೊತೆಗೆ, ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ವಚನಪತ್ರವೂ ಇತ್ತು. ಪಾಲುಪಟ್ಟಿಯ ಕಥೆ ಇನ್ನೂ ತೊಡಕಿನದು. ವಿಭಾಗ ಎನ್ನುವುದು ವರ್ಗಾವಣೆಯೇ ಎಂಬಲ್ಲಿಂದಲೇ ತಕರಾರು ಏಳುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ದೌರ್ಜನ್ಯಕ್ಕೆ ನೆಲದ ಬಣ್ಣವಿದೆ ಎಂಬುದು ನನ್ನ ಅಂದಾಜು. ಭದ್ರಾ ನೀರು ಹರಿದ, ಅಡಕೆ ಬೆಳೆದ ಚನ್ನಗಿರಿಯಲ್ಲಿ, ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ, ಪಕ್ಕದ ನ್ಯಾಮತಿಯಲ್ಲಿ ನೆಲಕ್ಕೆ ಬೆಲೆ. ಅಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅವಸರ. ಮಳೆ ನಂಬಿದ ಜಗಳೂರಿನಲ್ಲಿ ಮಕ್ಕಳು ದುಡಿಯಲು ದೂರ ಹೋಗುತ್ತಾರೆ; ಅಲ್ಲಿ ಮುದುಕರನ್ನು ಹಿಂದೆ ಬಿಟ್ಟುಹೋಗುವುದೇ ಹೆಚ್ಚು. ಎರಡನ್ನೂ ಗುರುತಿಸುವುದು ಕಷ್ಟವಲ್ಲ. ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಹಣ ಯಾರ ಕೈಗೆ ಹೋಗುತ್ತದೆ? ಬ್ಯಾಂಕ್ ಪುಸ್ತಕ, ಮೊಬೈಲು ಯಾರ ಹತ್ತಿರ ಇವೆ? ಅಜ್ಜಿಯ ಊಟ ದನದ ಕೊಟ್ಟಿಗೆಯ ಪಕ್ಕಕ್ಕೆ ಬಂದದ್ದು ಯಾವಾಗ? ನೆಂಟರು ಬಂದಾಗ ಒಳಗಿಂದ ಯಾರಾದರೂ ಬಂದು ಕೂತ ಮೇಲೆಯೇ ಅಜ್ಜ ಮಾತಾಡುತ್ತಾನೆಯೇ? ಮಗನ ಮೇಲೆ ದೂರು ಕೊಡು ಎಂದರೆ ಅವರು ಒಪ್ಪುವುದಿಲ್ಲ, ಹೆತ್ತವರಿಗೆ ಹೆಗ್ಗಣ ಮುದ್ದು. ‘ದೂರು’ ಎನ್ನದೆ ‘ಅರ್ಜಿ’ ಎಂದರೆ ಕೆಲವರು ಏಳುತ್ತಾರೆ. ಕಾಯ್ದೆಯಲ್ಲೂ ಮೊದಲು ಸಂಧಾನಕ್ಕೆ ಅವಕಾಶವಿದೆ ಎಂದು ಅವರಿಗೆ ಹೇಳಬೇಕು.

14567 ಹಿರಿಯರ ಸಹಾಯವಾಣಿ, 15100 ಕಾನೂನು ಸೇವಾ ಪ್ರಾಧಿಕಾರದ್ದು. ಹೊಡೆತ ಬಡಿತ ನಡೆಯುತ್ತಿದ್ದರೆ 112. ಉಚಿತ ವಕೀಲರಿಗಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಲ್ಲಿನ ಕೋರ್ಟಿನಲ್ಲೇ ವಿಚಾರಿಸಬಹುದು. ಒಂದು ಎಚ್ಚರವೂ ಬೇಕು. ಮಗನೊಂದಿಗೆ ಸೇರಿ ಸೊಸೆಯನ್ನು ಮನೆಯಿಂದ ದಬ್ಬಲು ಈ ಕಾಯ್ದೆಯನ್ನು ಬಳಸಿದ್ದುಂಟು, ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್, ಸೊಸೆಯ ವಾಸದ ಹಕ್ಕನ್ನು ಇದು ತಾನಾಗಿ ಅಳಿಸಿಹಾಕುವುದಿಲ್ಲ ಎಂದಿದೆ.

ಇನ್ನು ಪತ್ರ ಬರೆಸದವರು ಬರೆಸುವ ದಿನ, ಚಕ್ಕುಬಂದಿಗೆ ಮುಂಚೆ ಸೇರಿಸಲು ಕೇಳಬೇಕಾದ ಸಾಲು ಹೀಗಿರಬಹುದು: ‘ಸದರಿ ಸ್ವತ್ತನ್ನು ಪಡೆದವರು ನನಗೂ ನನ್ನ ಪತ್ನಿಗೂ ನಮ್ಮ ಜೀವಮಾನ ಪರ್ಯಂತ ಊಟ, ಬಟ್ಟೆ, ವಸತಿ, ಔಷಧೋಪಚಾರ ಒದಗಿಸತಕ್ಕದ್ದು; ತಪ್ಪಿದಲ್ಲಿ ಈ ದಾನಪತ್ರವನ್ನು ರದ್ದುಪಡಿಸಿಕೊಳ್ಳುವ ಹಕ್ಕು ನಮಗಿರುತ್ತದೆ.’