ಯಾರ ಅನುಭವ?: ಮಾನಸಿಕ ಆರೋಗ್ಯದ ಬೆಂಬಲ ಗುಂಪುಗಳಲ್ಲಿ ಭಿನ್ನಾಭಿಪ್ರಾಯದ ನಿರ್ವಹಣೆ

ವೈದ್ಯರ ಅರಿವು ಒಂದು ಬಗೆ, ಕಾಯಿಲೆಯನ್ನು ಉಂಡವರ ಅರಿವು ಇನ್ನೊಂದು ಬಗೆ. ಸಮಾಜಶಾಸ್ತ್ರಜ್ಞೆ ಥಾಮಸಿನಾ ಬೋರ್ಕ್‌ಮನ್ 1976ರಲ್ಲಿ ಮಂಡಿಸಿದ ‘ಅನುಭವಜನ್ಯ ಜ್ಞಾನ’ದ ಈ ವಿಂಗಡಣೆ ಬೆಂಬಲ ಗುಂಪುಗಳ ಅಧ್ಯಯನಕ್ಕೆ ತಳಪಾಯವಾಗಿದೆ. ಕರ್ನಾಟಕದ ಮಟ್ಟಿಗೆ, ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡ ಪ್ರಯೋಗವು ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಂದಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈ ವ್ಯವಸ್ಥೆ ನಿಂತಿರುವುದು ಮನೆಯವರ ಆರೈಕೆಯ ಮೇಲೆ; ಹಾಗಾಗಿ ಬೆಂಬಲ ಗುಂಪಿನಲ್ಲಿ ಕಾಯಿಲೆಯವರ ಜೊತೆ ಮನೆಯವರೂ ಕೂರುತ್ತಾರೆ.

ಆದ್ದರಿಂದಲೇ ಬೋರ್ಕ್‌ಮನ್ ಅವರ ಎರಡು ಪಾಲು ನಮ್ಮ ಗುಂಪುಗಳಿಗೆ ಸಾಲದು. ಇಲ್ಲಿ ಅನುಭವವೇ ಇಬ್ಭಾಗವಾಗಿದೆ. ‘ಗುಳಿಗೆ ನುಂಗಿದರೆ ದಿನವಿಡೀ ಮಂಪರು’ ಎಂದು ಮಗ ಹೇಳಿದರೆ, ಗುಳಿಗೆ ಬಿಟ್ಟಾಗ ಮನೆ ಅನುಭವಿಸಿದ ಕಷ್ಟವನ್ನು ತಾಯಿ ಹೇಳುತ್ತಾಳೆ. ಎರಡೂ ಅನುಭವದ ಮಾತೇ. ಯಾರದು ಸರಿ ಎಂದು ಗುಂಪು ತೀರ್ಪು ಕೊಟ್ಟರೆ, ಬಹುಮಟ್ಟಿಗೆ ಹಿರಿಯರ ಮಾತು ಗೆದ್ದು ಕಾಯಿಲೆಯವರು ಬಾಯಿ ಮುಚ್ಚುತ್ತಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೇರೊಂದು ದಾರಿ ತೋರುತ್ತದೆ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ವ್ಯಕ್ತಿ ಮುಂಚಿತವಾಗಿ ಬರೆದಿಡಲು 5ನೇ ಕಲಂ ಹಕ್ಕು ಕೊಡುತ್ತದೆ. ಅದನ್ನು ಒಪ್ಪದ ವೈದ್ಯರು, ಸಂಬಂಧಿಕರು ಅಥವಾ ಆರೈಕೆದಾರರು 11ನೇ ಕಲಮಿನಡಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು. ಅಂದರೆ ಕಾಯ್ದೆ ಎರಡೂ ದನಿಗಳನ್ನು ಬೇರೆಬೇರೆಯಾಗಿ ದಾಖಲಿಸಿ, ತೀರ್ಮಾನವನ್ನು ಮೂರನೆಯವರಿಗೆ ಬಿಡುತ್ತದೆ.

ಈ ಆಧಾರದ ಮೇಲೆ ನನ್ನ ವಾದವಿಷ್ಟು: ಬೆಂಬಲ ಗುಂಪಿನ ಕೆಲಸ ಭಿನ್ನಾಭಿಪ್ರಾಯವನ್ನು ಬಗೆಹರಿಸುವುದಲ್ಲ, ಯಾವ ಮಾತು ಯಾರ ಅನುಭವವೆಂದು ಗುರುತಿಸಿ, ಎರಡನ್ನೂ ವೈದ್ಯರಿಗೆ ತಲುಪಿಸುವುದು. ಇದಕ್ಕೆ ಮಿತಿಗಳಿವೆ. ಗುಂಪು ಮಂಡಳಿಯಲ್ಲ, ಅದಕ್ಕೆ ಕಾನೂನಿನ ಅಧಿಕಾರವಿಲ್ಲ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸುವ ಸಲಹೆಯನ್ನು ‘ಅನುಭವ’ವೆಂದು ಮಾನ್ಯ ಮಾಡಲಾಗದು. ಪ್ರಾಣಾಪಾಯದ ಸುಳಿವಿದ್ದರೆ ಚರ್ಚೆಗೆ ಜಾಗವೇ ಇಲ್ಲ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಇಲ್ಲವೇ 14416ರ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡಬೇಕು. ಕಾಯಿಲೆಯವರು, ಆರೈಕೆದಾರರು ಎಂಬ ಗೆರೆಯೂ ಸದಾ ಖಚಿತವಲ್ಲ. ಆರೈಕೆಯಲ್ಲೇ ಕುಗ್ಗಿ ಖಿನ್ನತೆಗೆ ಜಾರಿದವರು ಎರಡೂ ಕಡೆ ನಿಲ್ಲುತ್ತಾರೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ, ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯಂಥ ಊರಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ. ಅಲ್ಲಿ ಮನೆಯವರ ಎದುರು ಕಾಯಿಲೆಯವರು ಮನಬಿಚ್ಚಿ ಮಾತಾಡಬಲ್ಲರೇ, ಅಥವಾ ಅವರಿಗೆ ಪ್ರತ್ಯೇಕ ಸಭೆಯೇ ಬೇಕೇ ಎಂಬುದನ್ನು ಈ ಲೇಖನ ತೀರ್ಮಾನಿಸಿಲ್ಲ. ಅದಕ್ಕೆ ಆ ಊರುಗಳಲ್ಲೇ ಕ್ಷೇತ್ರಕಾರ್ಯ ನಡೆಯಬೇಕು.