ಆದವಾನಿ ಕೋಟೆಯನ್ನೇರುವ ಮುನ್ನ

ಇತಿಹಾಸವು ಮಕ್ಕಳಿಗೆ ಬೇಸರ ತರುವ ವಿಷಯವೆಂದು ನಾವು ಉಪಾಧ್ಯಾಯರು ಆಗಾಗ ಹೇಳಿಕೊಳ್ಳುವುದುಂಟು. ಕೋಟೆಯ ನೆರಳಿನಲ್ಲಿಯೇ ಶಾಲೆಗಳಿರುವ ಆದವಾನಿಯ ಸೀಮೆಯಲ್ಲಿ ಈ ಮಾತು ಸಲ್ಲದು. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುತ್ತೇವೆ. ಅವರು ಓಡಿ ಏರುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಸಂಜೆಗೆ ಇಳಿಯುತ್ತಾರೆ. ಕಂಡದ್ದೇನೆಂದು ಮರುದಿನ ಕೇಳಿದರೆ ಕೋತಿಗಳ ಹೊರತು ಬೇರೇನೂ ನೆನಪಿರುವುದಿಲ್ಲ. ದೋಷವು ಮಕ್ಕಳದಲ್ಲ. ಕಲ್ಲು ಮಾತನಾಡಬೇಕಾದರೆ ಕೇಳುವ ಕಿವಿಯನ್ನು ಮೊದಲೇ ಸಿದ್ಧಪಡಿಸಬೇಕು.

ಕೋಟೆಯೊಂದರ ಚಿತ್ರವನ್ನು ಬರೆಯಿರೆಂದರೆ ನಮ್ಮ ಮಕ್ಕಳಲ್ಲಿ ಹಲವರು ಚೂಪು ಗೋಪುರ, ನೀರು ತುಂಬಿದ ಕಂದಕ, ಎತ್ತುವ ಸೇತುವೆ, ಉಕ್ಕಿನ ಉಡುಪಿನ ಸವಾರ ಇವನ್ನೇ ಬರೆಯುತ್ತಾರೆ. ಇದು ಯುರೋಪಿನ ನೈಟ್ ಎಂಬ ವೀರನ ಲೋಕ. ಅಲ್ಲಿ ಕುಲೀನರ ಹುಡುಗನು ಏಳನೆಯ ವಯಸ್ಸಿನ ಸುಮಾರಿಗೆ ಒಡೆಯನ ಮನೆಗೆ ಊಳಿಗಕ್ಕೆ ಸೇರಿ, ಹದಿನಾಲ್ಕರ ಸುಮಾರಿಗೆ ವೀರನೊಬ್ಬನ ಅನುಚರನಾಗಿ, ಇಪ್ಪತ್ತೊಂದರ ಹೊತ್ತಿಗೆ ತಾನೂ ಪ್ರತಿಜ್ಞೆ ಮಾಡಿ ನೈಟ್ ಆಗುತ್ತಿದ್ದನು. ಕೋಟೆಯನ್ನು ನೋಡುವ ಮೊದಲು ರಟ್ಟಿನ ಗುರಾಣಿ ಮಾಡಿಸಿ, ಲಾಂಛನ ಬರೆಯಿಸಿ, ಮಕ್ಕಳನ್ನು ಆ ಕಾಲಕ್ಕೆ ಕರೆದೊಯ್ಯುವ ಪದ್ಧತಿ ಆ ದೇಶಗಳ ಶಾಲೆಗಳಲ್ಲಿದೆ. ಪದ್ಧತಿ ಒಳ್ಳೆಯದು, ಪಾತ್ರೆಯನ್ನು ಸ್ವೀಕರಿಸೋಣ, ಅದರಲ್ಲಿ ತುಂಬುವ ಅನ್ನ ಮಾತ್ರ ನಮ್ಮದಾಗಿರಲಿ.

ನಮ್ಮಲ್ಲಿಯೂ ವೀರವ್ರತವಿತ್ತು. ಒಡೆಯನ ಜೋಳವನ್ನು ಉಂಡ ಋಣವನ್ನು ತೀರಿಸುವುದು ಜೋಳವಾಳಿ. ವೇಳೆ ಬಂದಾಗ ಪ್ರಾಣವನ್ನೇ ಒಪ್ಪಿಸುವೆನೆಂಬ ಭಾಷೆ ವೇಳೆವಾಳಿ. ದಿನವೂ ಜೋಳದ ರೊಟ್ಟಿ ತಿನ್ನುವ ನಮ್ಮ ಮಕ್ಕಳಿಗೆ ಮೊದಲನೆಯ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ಹೊಯ್ಸಳರ ಕಾಲದಲ್ಲಿ ಇಂತಹ ವೀರರನ್ನು ಗರುಡರೆಂದು ಕರೆದರು. ಇಮ್ಮಡಿ ವೀರಬಲ್ಲಾಳನೊಡನೆ ಮಡಿದ ಕುವರ ಲಕ್ಷ್ಮನ ಸ್ಮಾರಕಸ್ತಂಭವು ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಅಷ್ಟು ದೂರ ಹೋಗಲಾಗದ ಮಕ್ಕಳು ತಮ್ಮ ಊರಿನ ಸುತ್ತ ವೀರಗಲ್ಲುಗಳನ್ನು ಹುಡುಕಲಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಇರುತ್ತವೆ. ರಾಜ್ಯಕ್ಕಾಗಿಯಲ್ಲದೆ ಊರಿನ ದನಗಳನ್ನು ಬಿಡಿಸುವುದಕ್ಕಾಗಿ ಸತ್ತವರಿಗೂ ಇಂತಹ ಕಲ್ಲುಗಳನ್ನು ನಿಲ್ಲಿಸಿದರೆಂಬುದು ಮಕ್ಕಳ ಮನಸ್ಸನ್ನು ತಟ್ಟುವ ಸಂಗತಿ.

ಇನ್ನು ಕೋಟೆಯ ಕಥೆ. ವಿಜಯನಗರದ ಕಾಲದಲ್ಲಿ ಆದವಾನಿಯು ರಾಯರ ಬಲವಾದ ದುರ್ಗವಾಗಿತ್ತು. ಬೆಟ್ಟದ ಮೇಲೆ ತಿಳಿನೀರಿನ ಕೊಳಗಳಿದ್ದುವೆಂದೂ ಒಂದರೊಳಗೊಂದು ಹನ್ನೊಂದು ಸುತ್ತಿನ ಗೋಡೆಗಳಿದ್ದುವೆಂದೂ ಫರಿಷ್ತಾ ಬರೆದಿದ್ದಾನೆ. 1366ರ ಸುಮಾರಿನಲ್ಲಿ ಬುಕ್ಕರಾಯನ ಸೈನ್ಯಕ್ಕೂ ಬಹಮನಿ ಸುಲ್ತಾನನಿಗೂ ಯುದ್ಧ ನಡೆದ ಸ್ಥಳವು ನಮ್ಮ ಕೌತಾಳವೇ ಇರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. 1565ರ ಸೋಲಿನ ಬಳಿಕ, 1568ರಲ್ಲಿ ಕೋಟೆಯು ಬಿಜಾಪುರದ ಆದಿಲಶಾಹಿಗಳಿಗೆ ಸೇರಿತು. ಅವರ ಕಡೆಯ ಪ್ರಸಿದ್ಧ ಅಧಿಪತಿ ಸಿದ್ದಿ ಮಸೂದನು 1688ರಲ್ಲಿ ಔರಂಗಜೇಬನ ಸೇನಾನಿ ಫಿರೋಜ್ ಜಂಗನಿಗೆ ಕೋಟೆಯನ್ನು ಒಪ್ಪಿಸಿದನು. ಊರಿನ ಜಾಮಿಯಾ ಮಸೀದಿಯು ಈ ಮಸೂದನ ಹೆಸರಿಗೆ ಸೇರಿದುದು. ರಾಘವೇಂದ್ರಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟವನೂ ಅವನೇ ಎಂಬುದು ಸಂಪ್ರದಾಯ. ಅಂದಿನ ಮಂಚಾಲೆಯೇ ಇಂದಿನ ಮಂತ್ರಾಲಯ. 1786ರಲ್ಲಿ ಟೀಪು ಸುಲ್ತಾನನು ಸುಮಾರು ಒಂದು ತಿಂಗಳು ಮುತ್ತಿಗೆ ಹಾಕಿ, ಕೋಟೆಯನ್ನು ಹಿಡಿದು, ಅದರ ಭದ್ರತೆಯನ್ನು ಕೆಡವಿಸಿದನು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು.

ಇದಿಷ್ಟನ್ನು ಬಾಯಿಪಾಠ ಮಾಡಿಸಿದರೆ ಮತ್ತೆ ಬೇಸರವೇ. ಆದುದರಿಂದ ಪ್ರವಾಸಕ್ಕೆ ಒಂದು ವಾರ ಮುಂಚೆ ಕೆಲವು ಕೆಲಸಗಳನ್ನು ಕೊಡಬಹುದು. ಮೊದಲನೆಯದು ಲಾಂಛನ. ವಿಜಯನಗರದ ಲಾಂಛನದಲ್ಲಿ ವರಾಹ, ಖಡ್ಗ, ಸೂರ್ಯ, ಚಂದ್ರರಿದ್ದರು. ನಿಮ್ಮ ಮನೆತನದ ಗುರಾಣಿಯ ಮೇಲೆ ಏನಿರಬೇಕೆಂದು ಕೇಳಿರಿ. ಹತ್ತಿಯ ಕಾಯಿ, ಜೋಳದ ತೆನೆ, ಮಗ್ಗದ ಲಾಳಿ, ಗಾಡಿಯ ಗಾಲಿ ಎಲ್ಲವೂ ಬರಲಿ. ಎರಡನೆಯದು ಲೆಕ್ಕ. ಕೋಟೆಯಲ್ಲಿ ಐನೂರು ಜನರು. ತಲೆಗೆ ದಿನಕ್ಕೆ ಅರ್ಧ ಕಿಲೋ ಜೋಳ. ಮುತ್ತಿಗೆ ಮೂವತ್ತು ದಿನ. ಉತ್ತರವು 7,500 ಕಿಲೋ, ಎಂದರೆ ಕ್ವಿಂಟಾಲಿನ ಎಪ್ಪತ್ತೈದು ಚೀಲ. ಇದನ್ನು ಬೆಟ್ಟಕ್ಕೆ ಹೊತ್ತವರಾರು, ಬೀಸಿದವರಾರು, ರೊಟ್ಟಿ ತಟ್ಟಿದವರಾರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮೂರನೆಯದು ಪಾತ್ರ. ಚೀಟಿ ಎತ್ತಿಸಿ ಕಿಲ್ಲೇದಾರ, ಕಾವಲುಗಾರ, ಕಲ್ಲುಕುಟಿಗ, ನೀರು ಹೊರುವವಳು, ಓಲೆಕಾರ ಎಂದು ಹಂಚಿರಿ. ಕಿಲ್ಲೇದಾರನ ಚೀಟಿ ಹುಡುಗಿಗೆ ಬಂದರೆ ಬದಲಾಯಿಸಬೇಡಿರಿ. ಬೆಟ್ಟದ ಮೇಲೆ ಪ್ರತಿಯೊಬ್ಬರೂ ತಮ್ಮ ಪಾತ್ರದ ಕಣ್ಣಿನಿಂದ ನೋಡಲಿ: ಕಾವಲುಗಾರನು ದೂರದ ದಾರಿಯನ್ನು, ಕಲ್ಲುಕುಟಿಗನು ಗೋಡೆಯ ಸಂದನ್ನು, ನೀರಿನವಳು ಕೊಳವನ್ನು. ಫರಿಷ್ತಾ ಹೇಳಿದ ಸುತ್ತುಗಳಲ್ಲಿ ಈಗ ಎಷ್ಟು ಕಾಣುತ್ತವೆಂದು ಎಲ್ಲರೂ ಎಣಿಸಲಿ.

ಒಂದು ವಿಷಯದಲ್ಲಿ ಮಾತ್ರ ನಾವು ಬಹಳ ಎಚ್ಚರದಿಂದಿರಬೇಕು. ಮುತ್ತಿಗೆಯ ಆಟವಾಡುವಾಗ ಮಕ್ಕಳು ತಮ್ಮ ತಮ್ಮ ಮನೆಯ ಹೆಸರು, ದೇವರುಗಳ ಮೇಲೆ ಎರಡು ಗುಂಪಾಗಲು ಹೊರಡಬಹುದು. ಅದಕ್ಕೆ ಎಡೆಗೊಡಬಾರದು, ಈ ಕೋಟೆಯ ಇತಿಹಾಸವೂ ಅದಕ್ಕೆ ಒಪ್ಪುವುದಿಲ್ಲ. 1688ರಲ್ಲಿ ಮುತ್ತಿದವನು ಮೊಗಲ ಸೇನಾನಿ, ಕಾದವನು ಆಫ್ರಿಕದ ಮೂಲದ ಸಿದ್ದಿ. 1786ರಲ್ಲಿ ಮುತ್ತಿದವನು ಟೀಪು, ಒಳಗಿದ್ದವನು ನಿಜಾಮನ ಮನೆತನದ ಮಹಬತ್ ಜಂಗ್. ಅವನ ನೆರವಿಗೆ ನಿಜಾಮನ ದಂಡಿನೊಡನೆ ಮರಾಠರ ದಂಡೂ ಬಂದಿತ್ತು. ಚೀಟಿಯಿಂದಲೇ ಪಕ್ಷಗಳನ್ನು ಮಾಡಿ, ಅರ್ಧ ಆಟವಾದ ಮೇಲೆ ಹೊರಗಿನವರನ್ನು ಒಳಗೂ ಒಳಗಿನವರನ್ನು ಹೊರಗೂ ಕಳುಹಿಸಿರಿ. ಹಸಿವು, ಭಯ, ನೀರಡಿಕೆ ಎರಡು ಕಡೆಯೂ ಒಂದೇ ಎಂಬುದನ್ನು ಕಲಿತ ಮಗುವು ಇತಿಹಾಸದ ಮುಖ್ಯ ಪಾಠವೊಂದನ್ನು ಕಲಿತಂತೆ.

ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದುವು. ಅಂದಿನಿಂದ ಗಡಿಯ ಗೆರೆ ಒಂದೆಡೆ, ಮನೆಯ ಮಾತು ಇನ್ನೊಂದೆಡೆ. ಕನ್ನಡ ಮಾಧ್ಯಮದ ಮಗುವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಯ ಓಣಿಯಲ್ಲಿ ಉರ್ದು ಕೇಳುತ್ತದೆ. ಈ ಊರು ತನ್ನದಲ್ಲವೇನೋ ಎಂಬ ಸಂಕೋಚ ಅದಕ್ಕೆ ಬಾರದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಕನ್ನಡ, ತೆಲುಗು, ಪಾರಸಿ, ದಖನಿ, ಮರಾಠಿ ಎಲ್ಲವನ್ನೂ ಕೇಳಿದ ಬೆಟ್ಟವಿದು. ಯಾರೊಬ್ಬರ ಸ್ವತ್ತೂ ಅಲ್ಲ, ಯಾರಿಗೂ ಪರಕೀಯವೂ ಅಲ್ಲ. ಪ್ರವಾಸದಿಂದ ಹಿಂದಿರುಗಿದ ಮೇಲೆ ಪ್ರತಿ ಮಗುವೂ ತನ್ನ ಪಾತ್ರದ ಹೆಸರಿನಲ್ಲಿ ಮನೆಗೊಂದು ಓಲೆಯನ್ನು ಕನ್ನಡದಲ್ಲಿ ಬರೆಯಲಿ, ತಾಯಿತಂದೆಗಳ ಮುಂದೆ ಓದಲಿ. ಕೋಟೆಯ ಗೋಡೆಗಳು ದಿನೇ ದಿನೇ ಸಡಿಲುತ್ತಿವೆ. ಅವುಗಳ ಮೇಲೆ ಹೆಸರು ಕೆತ್ತದೆ, ಕಲ್ಲು ಕೀಳದೆ ಕಾಯುವ ಪ್ರಜೆಗಳು ಇಂದು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ. ಉಪಾಧ್ಯಾಯ ಬಂಧುಗಳು ಈ ಕಾರ್ಯಕ್ಕೆ ಮನಸ್ಸು ಮಾಡಬೇಕೆಂದು ಕೋರುತ್ತೇವೆ.