ನಾಲ್ಕು ಮೂಲೆಯ ಶಲ್ಯ, ಕಳೆದುಹೋದ ನೀಲಿ ಎಳೆ

ಚಾಮರಾಜನಗರದ ಸಂತೆಯಲ್ಲಾಗಲಿ, ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಾಗಲಿ, ಹಿರಿಯರ ಹೆಗಲ ಮೇಲಿನ ವಲ್ಲಿಯನ್ನು ನೀವು ನೋಡಿಯೇ ಇರುತ್ತೀರಿ. ಹೊಲಿಗೆಯಿಲ್ಲದ, ನಾಲ್ಕು ಮೂಲೆಗಳ ಬಟ್ಟೆ ಅದು. ಬೆವರು ಒರೆಸಲು ಅದೇ, ಬಿಸಿಲಿಗೆ ತಲೆಗೆ ಸುತ್ತಲು ಅದೇ, ದೇವರ ಮುಂದೆ ನಿಂತಾಗ ಸೊಂಟಕ್ಕೆ ಕಟ್ಟಲು ಅದೇ. ಪ್ರಾಚೀನ ಪಶ್ಚಿಮ ಏಷ್ಯಾದ ಜನರೂ ಇಂಥದೇ ಬಟ್ಟೆ ಹೊದೆಯುತ್ತಿದ್ದರು. ಯೆಹೂದ್ಯರ ಪ್ರಾರ್ಥನಾ ಶಲ್ಯದ ಕಥೆ ಪ್ರಾರಂಭವಾಗುವುದು ಅಲ್ಲಿಂದಲೇ.

ಈ ಶಲ್ಯಕ್ಕೆ ಹೀಬ್ರೂ ಭಾಷೆಯಲ್ಲಿ 'ತಲ್ಲಿತ್' ಎಂದು ಹೆಸರು. ಹೊದೆಯುವ ಬಟ್ಟೆಯ ನಾಲ್ಕು ಮೂಲೆಗಳಲ್ಲೂ ಕುಚ್ಚು ಇರಬೇಕು, ಆ ಕುಚ್ಚಿನಲ್ಲಿ ಒಂದು ನೀಲಿ ಎಳೆ ಇರಬೇಕು, ಅದನ್ನು ಕಂಡಾಗಲೆಲ್ಲ ದೇವರ ಆಜ್ಞೆಗಳು ನೆನಪಾಗಬೇಕು ಎಂಬ ವಿಧಿ ಬೈಬಲಿನ ಅರಣ್ಯಕಾಂಡದ 15ನೆಯ ಅಧ್ಯಾಯದಲ್ಲಿದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಮುಖ್ಯವಾದುದು ಬಟ್ಟೆಯಲ್ಲ, ಅದರ ಮೂಲೆಯ ಕುಚ್ಚು. ಕಾಲ ಕಳೆದಂತೆ ಹೊಲಿದ ಉಡುಪುಗಳು ಬಂದವು. ನಾಲ್ಕು ಮೂಲೆಯೇ ಇಲ್ಲದ ಅಂಗಿಗೆ ಈ ನಿಯಮ ಅನ್ವಯಿಸುವುದಿಲ್ಲ. ಬೇಡವೆಂದಿದ್ದರೆ ಅಲ್ಲಿಗೇ ಬಿಟ್ಟುಬಿಡಬಹುದಾಗಿತ್ತು. ಆದರೆ ಕರ್ತವ್ಯ ಮರೆತುಹೋಗಬಾರದೆಂದು ಅವರು ಪ್ರಾರ್ಥನೆಗಾಗಿಯೇ ನಾಲ್ಕು ಮೂಲೆಯ ಬಟ್ಟೆಯೊಂದನ್ನು ಉಳಿಸಿಕೊಂಡರು.

ಕುಚ್ಚು ಕಟ್ಟುವುದರಲ್ಲಿ ಲೆಕ್ಕಾಚಾರವೂ ಇದೆ. ಪ್ರತಿ ಮೂಲೆಯ ತೂತಿನಲ್ಲಿ ನಾಲ್ಕು ಎಳೆಗಳನ್ನು ತೂರಿಸಿ ಮಡಿಸಿದಾಗ ಎಂಟು ತುದಿಗಳಾಗುತ್ತವೆ. ಅವುಗಳಿಗೆ ಐದು ಗಂಟು. ನಮ್ಮ ಕಟಪಯಾದಿ ಪದ್ಧತಿಯಂತೆ ಹೀಬ್ರೂ ಅಕ್ಷರಗಳಿಗೂ ಸಂಖ್ಯಾಮೌಲ್ಯವಿದೆ. ಕುಚ್ಚಿನ ಹೆಸರಾದ 'ತ್ಸಿತ್ಸಿತ್' ಪದದ ಮೌಲ್ಯ 600. ಅದಕ್ಕೆ 8 ಮತ್ತು 5 ಕೂಡಿಸಿದರೆ 613. ಯೆಹೂದಿ ಸಂಪ್ರದಾಯ ಎಣಿಸುವ ಧರ್ಮಾಜ್ಞೆಗಳ ಸಂಖ್ಯೆಯೂ ಇದೇ! ಬೆಳಗಿನ ಪ್ರಾರ್ಥನೆಯಲ್ಲಿ ಶಲ್ಯವನ್ನು ಹೊದೆಯುತ್ತಾರೆ. ಸಾಂಪ್ರದಾಯಿಕವಾಗಿ ಪುರುಷರು ಮಾತ್ರ ಹೊದೆಯುತ್ತಿದ್ದರು. ಈಗ ಕೆಲವು ಪಂಗಡಗಳಲ್ಲಿ ಮಹಿಳೆಯರೂ ಹೊದೆಯುತ್ತಾರೆ. ಮರಣಾನಂತರ ಒಂದು ಕುಚ್ಚನ್ನು ಕತ್ತರಿಸಿ, ಅದೇ ಶಲ್ಯದಲ್ಲಿ ದೇಹವನ್ನು ಸುತ್ತಿ ಮಣ್ಣು ಮಾಡುವ ರೂಢಿಯಿದೆ. ಸತ್ತವರಿಗೆ ಇನ್ನು ಆಜ್ಞೆಗಳ ಹೊಣೆಯಿಲ್ಲ ಎಂಬುದು ಅದರ ಅರ್ಥ.

ಇನ್ನು ನೀಲಿ ಎಳೆಯ ವಿಷಯ. ಇದರ ಬಣ್ಣಕ್ಕೆ 'ತೆಖೇಲೆತ್' ಎಂದು ಹೆಸರು. ಅದನ್ನು ಸಮುದ್ರದ ಒಂದು ಜೀವಿಯಿಂದಲೇ ತೆಗೆಯಬೇಕಿತ್ತು, ಬೆಲೆ ಬಹಳ. ಅಷ್ಟರಲ್ಲಿ ಅಗ್ಗದ ಗಿಡದ ನೀಲಿ ಮಾರುಕಟ್ಟೆಗೆ ಬಂದಿತ್ತು. ನೀಲಿಗೆ ಭಾರತ ಎಷ್ಟು ಹೆಸರಾಗಿತ್ತೆಂದರೆ, ಗ್ರೀಕರು ಅದನ್ನು 'ಇಂಡಿಕಾನ್' ಎಂದರು. ಇಂಡಿಗೊ ಎಂಬ ಹೆಸರು ಬಂದದ್ದು ಅದರಿಂದಲೇ. ಗಿಡದ ನೀಲಿಯನ್ನು ಕಟ್ಟಿ ತೆಖೇಲೆತ್ ಎಂದು ಹೇಳಿಕೊಳ್ಳುವುದು ಮೋಸ ಎಂದು ಯೆಹೂದ್ಯರ ತಾಲ್ಮುದ್ ಗ್ರಂಥ ಖಂಡಿಸುತ್ತದೆ. ಕ್ರಿ.ಶ. ಏಳು–ಎಂಟನೆಯ ಶತಮಾನದ ಹೊತ್ತಿಗೆ ಬಣ್ಣಗಾರರ ಕಸುಬು ನಿಂತುಹೋಯಿತು, ವಿದ್ಯೆಯೂ ಮರೆಯಾಯಿತು. ಆಗ ಜನ ನಕಲಿ ನೀಲಿ ಕಟ್ಟಲಿಲ್ಲ. ಎಲ್ಲ ಎಳೆಗಳನ್ನೂ ಬಿಳಿಯಾಗಿಯೇ ಬಿಟ್ಟರು.

ಈ ಕಥೆ ನಮ್ಮ ನಾಡಿಗೂ ದೂರದ್ದಲ್ಲ. ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯೀಜೂ ಎಂಬ ಯೆಹೂದಿ ವರ್ತಕ 1132ರಿಂದ 1149ರವರೆಗೆ ಬಹುತೇಕ ಮಂಗಳೂರಿನಲ್ಲಿದ್ದ. ಕಂಚಿನ ಸಾಮಾನು ಮಾಡಿಸುತ್ತಿದ್ದ. ಮೆಣಸು, ಏಲಕ್ಕಿ, ಕಬ್ಬಿಣವನ್ನು ಏಡನ್‌ಗೆ ಕಳುಹಿಸುತ್ತಿದ್ದ. ಬೊಮ್ಮ ಎಂಬಾತ ಅವನ ವ್ಯಾಪಾರದ ಪ್ರತಿನಿಧಿಯಾಗಿದ್ದ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂಬ ನಂಬಿಕೆಯಿಂದ ಕೈರೋದ ಸಿನಗಾಗ್‌ನ ಕೋಣೆಯೊಂದರಲ್ಲಿ ಹಳೆಯ ಕಾಗದಗಳನ್ನು ಕೂಡಿಡುತ್ತಿದ್ದರು. ಬೆನ್ ಯೀಜೂವಿನ ಪತ್ರಗಳು ಉಳಿದದ್ದು ಹಾಗೆ. ಧರ್ಮಶಾಸ್ತ್ರ ಬಲ್ಲ ಈ ವರ್ತಕ ನೀಲಿಗೆ ಹೆಸರಾದ ದೇಶದಲ್ಲಿಯೇ ಬಾಳಿದ. ಆದರೆ ಅವನ ಕಾಲಕ್ಕೆ ಪ್ರಾರ್ಥನಾ ಶಲ್ಯದ ನೀಲಿ ಎಳೆ ಮರೆಯಾಗಿ ಶತಮಾನಗಳೇ ಕಳೆದಿದ್ದವು. ಗುಂಡ್ಲುಪೇಟೆಯಿಂದ ಕಾಡು ದಾಟಿ ಕೇರಳಕ್ಕಿಳಿದು ಕೊಚ್ಚಿಗೆ ಹೋದರೆ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇಂದಿಗೂ ನೋಡಸಿಗುತ್ತದೆ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ನಂತರ ಅಲ್ಲಿನ ಬಹುತೇಕ ಯೆಹೂದ್ಯರು ಆ ದೇಶಕ್ಕೆ ತೆರಳಿದರು. ಆ ದೇಶದ ಬಾವುಟದ ಎರಡು ನೀಲಿ ಪಟ್ಟಿಗಳಿಗೂ ಈ ಶಲ್ಯದ ಪಟ್ಟಿಗಳೇ ಸ್ಫೂರ್ತಿ.

ಕಳೆದುಹೋದ ಬಣ್ಣ ಮತ್ತೆ ಸಿಕ್ಕಿತೆ? ಮೆಡಿಟರೇನಿಯನ್ ಸಮುದ್ರದ ಮ್ಯೂರೆಕ್ಸ್ ಎಂಬ ಬಸವನಹುಳುವಿನ ಮೇಲೆ ಸಂಶೋಧಕರ ಕಣ್ಣಿತ್ತು. ಆದರೆ ಅದು ಕೊಡುತ್ತಿದ್ದುದು ನೇರಳೆ ಬಣ್ಣ! ಇಸ್ರೇಲಿನ ರಸಾಯನಶಾಸ್ತ್ರಜ್ಞ ಒಟ್ಟೊ ಎಲ್ಸ್ನರ್ 1980ರ ದಶಕದಲ್ಲಿ ಈ ಒಗಟನ್ನು ಬಿಡಿಸಿದರು. ನೇರಳೆ ಬಣ್ಣದ ಅಣುವಿನಲ್ಲಿ ಎರಡು ಬ್ರೋಮಿನ್ ಪರಮಾಣುಗಳಿವೆ. ಬಣ್ಣವನ್ನು ಅಪಕರ್ಷಿಸಿ ಕರಗಿಸಿದ ಸ್ಥಿತಿಯಲ್ಲಿ ಬಿಸಿಲಿಗೆ ಒಡ್ಡಿದರೆ ಬ್ರೋಮಿನ್ ಕಳಚಿಕೊಳ್ಳುತ್ತದೆ. ಉಳಿಯುವುದು ಶುದ್ಧ ನೀಲಿ. 1990ರ ದಶಕದಿಂದ ಕೆಲವರು ಈ ಎಳೆಯನ್ನು ಮತ್ತೆ ಕಟ್ಟುತ್ತಿದ್ದಾರೆ. ಇದೇ ಹಳೆಯ ತೆಖೇಲೆತ್ ಎಂದು ಎಲ್ಲರೂ ಒಪ್ಪಿಲ್ಲ.

ಈಗ ಒಂದು ಸ್ವಾರಸ್ಯ. ಹೀಗೆ ಉಳಿದ ನೀಲಿ ಅಣುವೂ ನೀಲಿ ಗಿಡದ ಅಣುವೂ ಒಂದೇ. ಕಣ್ಣಿಗೂ ವ್ಯತ್ಯಾಸ ಕಾಣದು, ಅಣುವಿನ ರಚನೆಯಲ್ಲೂ ವ್ಯತ್ಯಾಸವಿಲ್ಲ. ಹಾಗಾದರೆ ಅಸಲಿ ಯಾವುದು? ಕೊಳ್ಳೇಗಾಲದ ರೇಷ್ಮೆ ಸೀರೆಯ ಜರಿಯನ್ನು ಒರೆಗೆ ಹಚ್ಚಿ ನೋಡಬಹುದು. ಈ ನೀಲಿಗೆ ಅಂಥ ಸುಲಭದ ಒರೆಗಲ್ಲಿಲ್ಲ. ಬಹುಮಟ್ಟಿಗೆ ಮಾರುವವನ ಮಾತನ್ನೇ ನಂಬಬೇಕು. ಅದನ್ನು ಬಲ್ಲವರು ಮೋಸವನ್ನು ಅಷ್ಟು ಕಟುವಾಗಿ ಖಂಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಸೀಮೆಯಲ್ಲಿ ಕರಡಿ ಕೂದಲಿನ ಕುಲಾವಿ ತೊಟ್ಟು ಕುಣಿಯುವ ಗೊರವರಿದ್ದಾರೆ. ಜನಿವಾರ, ಶಿವದಾರ ಧರಿಸುವವರಿದ್ದಾರೆ. ಮೂಲ ಬೇರೆ, ಅರ್ಥ ಬೇರೆ. ಮೈಮೇಲಿನ ವಸ್ತುವೊಂದು ವ್ರತವನ್ನು ನೆನಪಿಸುತ್ತದೆ ಎಂಬುದಷ್ಟೇ ಸಮಾನ. ಅವುಗಳನ್ನು ಯಾರು ನೂಲುತ್ತಾರೆ, ಯಾರು ನೇಯುತ್ತಾರೆ, ಬಣ್ಣ ಎಲ್ಲಿಂದ ಬರುತ್ತದೆ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಸುಮಾರು 1300 ವರ್ಷ ಒಂದು ಎಳೆ ಬಿಳಿಯಾಗಿ ಉಳಿದದ್ದು ಭಕ್ತಿ ಕಡಿಮೆಯಾಗಿದ್ದರಿಂದಲ್ಲ, ಬಣ್ಣ ಹಾಕುವವರ ಕೈಕೆಲಸ ಮುಂದಿನವರಿಗೆ ದಾಟದೆ ಹೋದದ್ದರಿಂದ.